ಡ್ಯಾಶ್‌ಬೋರ್ಡಿನ ನೋಟ್‌ಬುಕ್

ನಮ್ಮೂರಿನ ಮನೆಗೆ ಹೋಗುವ ಕೊನೆಯ ಎರಡು ಕಿಲೋಮೀಟರಿಗೆ ಡಾಂಬರು ಇಲ್ಲ. ತೀರ್ಥಹಳ್ಳಿ ದಾಟಿ ಒಳಗೆ ಹೋದ ಮೇಲೆ ಅಡಿಕೆ ತೋಟದ ಅಂಚಿನಲ್ಲಿ ಇಳಿದು ಹತ್ತುವ ಮಣ್ಣಿನ ದಾರಿ ಅದು. ನಡುವೆ ಒಂದು ಮೋರಿ. ಮೋರಿ ದಾಟಿದ ತಕ್ಷಣ ಕಡಿದಾದ ಏರು. ಹನ್ನೆರಡು ವರ್ಷ ನಮ್ಮ ಹಳೆಯ ಸಣ್ಣ ಕಾರು ಈ ದಾರಿಯಲ್ಲಿ ಹೊಟ್ಟೆ ಉಜ್ಜಿಕೊಂಡೇ ಹೋಗುತ್ತಿತ್ತು. ಕರ್ ಎಂದು ಸದ್ದು ಬಂದಾಗಲೆಲ್ಲ ಒಳಗೆ ಕೂತ ಎಲ್ಲರೂ ಮಾತು ನಿಲ್ಲಿಸುತ್ತಿದ್ದೆವು. ಮಳೆಗಾಲದಲ್ಲಂತೂ ಮೋರಿಯ ಈಚೆಗೇ ಕಾರು ಬಿಟ್ಟು, ಕೊಡೆ ಹಿಡಿದು ನಡೆದು ಹೋಗುವುದು ರೂಢಿಯಾಗಿತ್ತು.

2023ರ ಕೊನೆಯಲ್ಲಿ ಅಪ್ಪನ ಬಲಮಂಡಿಗೆ ಆಪರೇಷನ್ ಆಯಿತು. ಅಪ್ಪ ಅಮ್ಮ ಈಗ ಬೆಂಗಳೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ತೋಟ ಚಿಕ್ಕಪ್ಪ ನೋಡಿಕೊಳ್ಳುತ್ತಾರೆ. ಆದರೆ ಅಪ್ಪನಿಗೆ ಎರಡು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರಲೇಬೇಕು. ಮರದ ಬುಡದಲ್ಲಿ ನಿಂತು ಮೇಲೆ ನೋಡಬೇಕು. ಆಪರೇಷನ್ ಆದ ಮೇಲೆ ಹಳೆ ಕಾರಿನ ಸೀಟಿನಿಂದ ಏಳುವುದೇ ಅವರಿಗೆ ದೊಡ್ಡ ಕೆಲಸವಾಯಿತು. ಸೀಟು ತೀರಾ ಕೆಳಗೆ. ಬಾಗಿಲಿಗೆ ಎರಡೂ ಕೈ ಕೊಟ್ಟು, ತುಟಿ ಕಚ್ಚಿಕೊಂಡು ಏಳುತ್ತಿದ್ದರು. ಮುಂದಿನ ಸಲ ಹೊರಡುವಾಗ "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಎಂದರು. ಅದಾದ ಮೇಲೆ ಇನ್ನೊಂದು ಸಲವೂ ಹಾಗೇ ಅಂದರು. ತೋಟ ಬಿಟ್ಟು ಇರಲಾಗದ ಮನುಷ್ಯ ಹೀಗೆ ಹೇಳಿದಾಗ ನನಗೂ ನನ್ನ ಗಂಡನಿಗೂ ನಿದ್ದೆ ಬರಲಿಲ್ಲ.

ಕಾರು ಬದಲಿಸುವ ಮಾತು ಶುರುವಾದದ್ದು ಹೀಗೆ. ಕೈಯಲ್ಲಿ ಏಳು ಲಕ್ಷ ಇತ್ತು. ಆ ದುಡ್ಡಿಗೆ ಹೊಸದು ಬೇಕೆಂದರೆ ಮತ್ತೆ ಸಣ್ಣ ಕಾರೇ. ಎತ್ತರದ ಕಾರು ಬೇಕೆಂದರೆ ಸೆಕೆಂಡ್ ಹ್ಯಾಂಡ್ ದಾರಿಯೊಂದೇ.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಬಲವಿದೆ. ಇಲ್ಲಿ ಹೊಸ ಕಾರಿಗೆ ಕಟ್ಟುವ ಜೀವಿತಾವಧಿ ತೆರಿಗೆ ದೇಶದಲ್ಲೇ ತುಂಬಾ ಜಾಸ್ತಿ ಇರುವಂಥದ್ದು. 5ರಿಂದ 10 ಲಕ್ಷದ ಕಾರಿಗೆ ಬೆಲೆಯ ಶೇ 14, ಹತ್ತರಿಂದ ಇಪ್ಪತ್ತು ಲಕ್ಷದ್ದಾದರೆ ಶೇ 17, ಅದರ ಮೇಲೆ ಸೆಸ್ ಬೇರೆ. ಮೊದಲ ಮಾಲೀಕರು ಅದನ್ನು ಒಮ್ಮೆ ಕಟ್ಟಿದರೆ ಮುಗಿಯಿತು. ರಾಜ್ಯದೊಳಗೇ ಕೈ ಬದಲಾದರೆ ಮತ್ತೆ ಕಟ್ಟಬೇಕಿಲ್ಲ, ಹೆಸರು ಬದಲಾವಣೆಯ ಶುಲ್ಕ ಸಾಕು. ಹಾಗಾಗಿ ದೆಹಲಿ ಕಡೆಯ ಅಗ್ಗದ ಕಾರುಗಳ ಫೋಟೋ ತೋರಿಸಿ ಯಾರಾದರೂ ಆಸೆ ಹುಟ್ಟಿಸಿದರೆ ಸ್ವಲ್ಪ ನಿಧಾನಿಸಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಮತ್ತು ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧದ ಆದೇಶ ಬಂದಾಗಿನಿಂದ ಹಳೆ ಗಾಡಿಗಳ ಬೆಲೆ ಇಳಿದಿದೆ, ನಿಜ. ಆದರೆ ಅವನ್ನು ಇಲ್ಲಿ ರಿಜಿಸ್ಟರ್ ಮಾಡಿಸುವಾಗ ಕಾರಿನ ವಯಸ್ಸು ನೋಡಿ ಇಲ್ಲಿಯ ತೆರಿಗೆ ಕಟ್ಟಬೇಕು. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ ತರುವ ಓಡಾಟ ಬೇರೆ. ನಾವು ಮೊದಲ ವಾರವೇ ಕೆಎ ನಂಬರ್ ಮಾತ್ರ ಎಂದು ತೀರ್ಮಾನಿಸಿದೆವು.

ಆಮೇಲೆ ಶುರುವಾಯಿತು ವೇರಿಯಂಟ್ ಪ್ರಶ್ನೆ. ಒಂದೇ ಕಾರು ಸೌಲಭ್ಯ ಮತ್ತು ಬೆಲೆಗೆ ತಕ್ಕಂತೆ ಬೇರೆಬೇರೆ ಮಟ್ಟದಲ್ಲಿ ಬರುತ್ತದೆ, ಅವೇ ವೇರಿಯಂಟ್‌ಗಳು. ಎಲ್ಲಕ್ಕಿಂತ ಮೇಲಿನದು ಟಾಪ್ ಎಂಡ್. ಮನೆಯಲ್ಲಿ ಇದರ ಬಗ್ಗೆ ತಿಂಗಳುಗಟ್ಟಲೆ ಮಾತಾಡಿದ್ದೇವೆ. ಏಳು ಲಕ್ಷಕ್ಕೆ ಆರೇಳು ವರ್ಷ ಹಳೆಯ ಟಾಪ್ ಎಂಡ್ ಸಿಗುತ್ತದೆ. ಅದೇ ದುಡ್ಡಿಗೆ ಮೂರು ನಾಲ್ಕು ವರ್ಷದ ನಡುವಿನ ವೇರಿಯಂಟ್ ಸಿಗುತ್ತದೆ. ಟಾಪ್ ಎಂಡ್ ಒಳಗೆ ಕೂತರೆ ಮನಸ್ಸು ಕರಗುತ್ತದೆ. ದೊಡ್ಡ ಸ್ಕ್ರೀನ್, ಅಲಾಯ್ ಚಕ್ರ, ಚರ್ಮದಂಥ ಸೀಟು. ನನ್ನ ಗಂಡನಿಗೆ ಅದರ ಮೇಲೇ ಕಣ್ಣಿತ್ತು.

ಒಂದು ಭಾನುವಾರ ಊಟದ ನಂತರ ಇಬ್ಬರೂ ಒಂದು ಹಾಳೆ ತೆಗೆದುಕೊಂಡು ಕೂತೆವು. ನಡುವೆ ಗೆರೆ ಎಳೆದೆವು. ಒಂದು ಕಡೆ, ಆಮೇಲೆ ಹಾಕಿಸಿಕೊಳ್ಳಬಹುದಾದದ್ದು. ಇನ್ನೊಂದು ಕಡೆ, ಕಾರ್ಖಾನೆಯಿಂದ ಬರದಿದ್ದರೆ ಮತ್ತೆ ಎಂದೂ ಬರದಿರುವುದು. ಸ್ಕ್ರೀನ್, ಅಲಾಯ್, ಸೀಟ್ ಕವರ್, ಹಿಂದಿನ ಕ್ಯಾಮೆರಾ, ಸ್ಪೀಕರ್ ಎಲ್ಲವೂ ಮೊದಲ ಕಡೆಗೆ ಹೋದವು. ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಜೆಸಿ ರೋಡಿಗೆ ಹೋದರೆ ಒಂದೇ ದಿನದ ಕೆಲಸ ಅವು. ಏರ್‌ಬ್ಯಾಗ್, ಜಾರುವಾಗ ಕಾರನ್ನು ಹಿಡಿದಿಡುವ ಇಎಸ್‌ಪಿ, ಮಗುವಿನ ಸೀಟು ಕಚ್ಚಿ ಕೂರುವ ಐಸೋಫಿಕ್ಸ್ ಕೊಂಡಿ, ಕಾರಿನ ಮೈಕಟ್ಟಿನ ಗಟ್ಟಿತನ, ನೆಲದಿಂದ ಎತ್ತರ ಇವೆಲ್ಲ ಎರಡನೆಯ ಕಡೆಗೆ. ಆ ಹಾಳೆ ನೋಡಿದ ಮೇಲೆ ಗಂಡ ಟಾಪ್ ಎಂಡ್ ಮಾತು ಎತ್ತಲಿಲ್ಲ.

ಇಲ್ಲಿ ಕಾರು ತಯಾರಾದ ವರ್ಷ ತುಂಬಾ ಮುಖ್ಯ. ಜನ ಕಿಲೋಮೀಟರ್ ಕೇಳುತ್ತಾರೆ, ಬಣ್ಣ ಕೇಳುತ್ತಾರೆ. ಯಾವ ವರ್ಷ ಯಾವ ನಿಯಮ ಬಂತು ಎಂದು ಕೇಳುವವರು ಕಡಿಮೆ. 2019ರ ಜುಲೈ 1ರಿಂದ ನಮ್ಮ ದೇಶದ ಎಲ್ಲಾ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್, ಸೀಟ್‌ಬೆಲ್ಟ್ ಎಚ್ಚರಿಕೆ, ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲಾ ಕಾರಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಅಂದರೆ ಹಳೆಯ ವರ್ಷದ ಕೆಲವು ಕೆಳಗಿನ ವೇರಿಯಂಟ್‌ಗಳಲ್ಲಿ ಅಪ್ಪ ಕೂರುವ ಸೀಟಿನ ಮುಂದೆ ಬರೀ ಪ್ಲಾಸ್ಟಿಕ್ ಮುಚ್ಚಳ ಇರಬಹುದು. ಅದನ್ನು ಯಾವ ಅಂಗಡಿಯಲ್ಲೂ ಸರಿ ಮಾಡಿಸಲಾಗದು.

ಹೀಗೆ ಹುಡುಕುತ್ತಾ ನಮ್ಮ ಕಣ್ಣು ನಿಂತದ್ದು ಟಾಟಾ ನೆಕ್ಸಾನ್ ಮೇಲೆ. ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದ ಭಾರತದ ಮೊದಲ ಕಾರು ಅದು, 2018ರ ಡಿಸೆಂಬರಿನಲ್ಲಿ. ಮಕ್ಕಳ ರಕ್ಷಣೆಗೆ ಸಿಕ್ಕಿದ್ದು ಮೂರು. ಅದನ್ನೂ ತಿಳಿದೇ ಆರಿಸಿದೆವು. 2020ರ ಜನವರಿಯಲ್ಲಿ ಬಂದ ಹೊಸ ಮುಖದ ನೆಕ್ಸಾನ್‌ನಲ್ಲಿ ಎರಡು ಏರ್‌ಬ್ಯಾಗ್, ಇಎಸ್‌ಪಿ, ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಹಿಡಿಯುವ ವ್ಯವಸ್ಥೆ ಎಲ್ಲಾ ವೇರಿಯಂಟ್‌ಗಳಲ್ಲೂ ಇತ್ತು. ನಮಗೆ ಬೇಕಾದದ್ದು ಇದೇ. ನಡುವಿನ ಎಕ್ಸ್‌ಎಂ ತೆಗೆದುಕೊಂಡರೂ ಹಾಳೆಯ ಎರಡನೆಯ ಕಡೆಯಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ನೆಲದಿಂದ 209 ಮಿಲಿಮೀಟರ್ ಎತ್ತರ, 350 ಲೀಟರ್ ಡಿಕ್ಕಿ. ಎಸ್‌ಯುವಿ ಎಂದು ಕರೆದರೂ ಎಂಜಿನ್ ತಿರುಗಿಸುವುದು ಮುಂದಿನ ಎರಡೇ ಚಕ್ರವನ್ನು. ಕೆಸರಿನ ದಾರಿಯವರು ಇದನ್ನು ನೆನಪಿಟ್ಟುಕೊಳ್ಳಬೇಕು. ಎತ್ತರ ಕಲ್ಲಿನಿಂದ ಕಾಪಾಡುತ್ತದೆ. ಕೆಸರಿನಲ್ಲಿ ಕೈ ಹಿಡಿಯುವುದು ಟೈರು.

ಪೆಟ್ರೋಲೋ ಡೀಸೆಲೋ ಎನ್ನುವುದು ಬೇಗ ಮುಗಿಯಿತು. 2020ರ ಏಪ್ರಿಲ್ ನಂತರದ, ಬಿಎಸ್6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಮಸಿ ಸುಟ್ಟುಹೋಗಬೇಕಾದರೆ ಕಾರು ಸ್ವಲ್ಪ ಹೊತ್ತು ನಿಲ್ಲದೆ ಒಂದೇ ವೇಗದಲ್ಲಿ ಓಡಬೇಕು. ನಮ್ಮದು ನಾಗರಭಾವಿಯಿಂದ ಮಗಳ ಶಾಲೆ, ಅಲ್ಲಿಂದ ಆಫೀಸು. ಒಂಬತ್ತು ಕಿಲೋಮೀಟರ್ ತೆವಳಿಕೊಂಡು ಹೋಗುವ ದಾರಿ. ಎರಡು ತಿಂಗಳಿಗೊಮ್ಮೆ ಮಾತ್ರ ದೂರದ ಓಟ. ಇಂಥವರಿಗೆ ಪೆಟ್ರೋಲೇ ಸರಿ. ನಗರದಲ್ಲಿ ಖರ್ಚು ಸ್ವಲ್ಪ ಹೆಚ್ಚು, ಆದರೆ ತಲೆನೋವು ಕಡಿಮೆ.

ಆಷಾಢದಲ್ಲಿ ಹುಡುಕಲು ಶುರು ಮಾಡಿದೆವು. ಅಮ್ಮನಿಗೆ ಇಷ್ಟವಿರಲಿಲ್ಲ. ನೋಡುವುದಕ್ಕೆ ಆಷಾಢ ಅಡ್ಡಿಯಿಲ್ಲ, ಮನೆಗೆ ತರುವುದು ಶ್ರಾವಣದಲ್ಲೇ ಎಂದು ಒಪ್ಪಿಸಿದೆವು. ಆಷಾಢದಲ್ಲಿ ಕೊಳ್ಳುವವರು ಕಡಿಮೆ, ಮಾರುವವರು ಸ್ವಲ್ಪ ಬಗ್ಗುತ್ತಾರೆ. ಅದು ನಮಗೆ ಅನುಕೂಲವೇ ಆಯಿತು.

ಮೊದಲು ನೋಡಿದ ಕಾರಿನ ಬಗ್ಗೆ ಹೇಳಲೇಬೇಕು. ಯಾವ ಅಂಗಡಿ, ಯಾವ ಕಾರು ಎನ್ನುವುದು ಬೇಡ. ಹೊಳೆಯುವ ಬಿಳಿ ಬಣ್ಣ, ಕಡಿಮೆ ಓಟ, ಒಳಗೆ ಘಮ್ಮೆನ್ನುವ ಸೆಂಟು. ಬೆಲೆಯೂ ನಮ್ಮ ಕೈಗೆ ಎಟುಕುವಂತಿತ್ತು. ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಒಳಗೆ ಕೂತು ಮೊದಲು ಮಾಡಿದ ಕೆಲಸ ಸೀಟ್‌ಬೆಲ್ಟ್ ಎಳೆದದ್ದು. ಪೂರ್ತಿ, ಕೊನೆಯವರೆಗೆ. ಕೊನೆಯ ಒಂದು ಗೇಣಿನಲ್ಲಿ ಕಂದು ಗೆರೆ ಇತ್ತು. ಆಮೇಲೆ ಸೀಟಿನ ಕೆಳಗಿನ ಹಳಿಗೆ ಟಾರ್ಚ್ ಬಿಟ್ಟರು, ತುಕ್ಕು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗೆ ಬೆರಳಾಡಿಸಿದರು. ಬೆರಳಿಗೆ ಒಣಗಿದ ನಯವಾದ ಮಣ್ಣು ಹತ್ತಿತು. "ಇದು ನೀರಲ್ಲಿ ಮುಳುಗಿದ ಗಾಡಿ" ಎಂದು ನಮಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

2022ರ ಸೆಪ್ಟೆಂಬರಿನ ಮಳೆ ನೆನಪಿದೆ ಅಲ್ವಾ? ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದು. ಆ ಕಾರುಗಳೆಲ್ಲ ಗುಜರಿಗೆ ಹೋಗಲಿಲ್ಲ. ಒಣಗಿಸಿ, ತೊಳೆದು, ಪಾಲಿಶ್ ಮಾಡಿದರೆ ನೋಡುವುದಕ್ಕೆ ಚೆಂದವೇ. ಆದರೆ ವೈರಿನ ಸೇರುವೆಗಳಲ್ಲಿ ಒಳಗೇ ಹಸಿರು ಹಿಡಿಯುತ್ತಾ ಹೋಗುತ್ತದೆ. ಒಂದೆರಡು ವರ್ಷದ ಮೇಲೆ ಒಂದೊಂದೇ ಕೈಕೊಡುತ್ತದೆ. ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗ್ ವ್ಯವಸ್ಥೆಯ ವೈರೂ ಸೀಟಿನ ಕೆಳಗೆ, ನೆಲದ ಹತ್ತಿರವೇ ಇರುತ್ತದೆ. ನನ್ನ ಮಗಳನ್ನು ಆ ಸೀಟಿನಲ್ಲಿ ಕೂರಿಸುತ್ತಿದ್ದೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೆಂಗಳೂರಿನಲ್ಲಿ ಹಳೆ ಕಾರು ನೋಡಲು ಹೋಗುವವರು ಬೇರೇನೂ ಗೊತ್ತಿಲ್ಲದಿದ್ದರೂ ಈ ಮೂರು ಕೆಲಸ ಮಾಡಿ. ಬೆಲ್ಟ್ ಎಳೆಯಿರಿ, ಹಳಿ ನೋಡಿ, ಸ್ಟೆಪ್ನಿ ಎತ್ತಿ. ಸೆಂಟು ಜಾಸ್ತಿ ಇದ್ದರೆ ಎರಡು ಸಲ ನೋಡಿ.

ಆಮೇಲೆ ಇನ್ನೂ ನಾಲ್ಕು ಕಾರು ನೋಡಿದೆವು. ಒಂದರ ಬಾನೆಟ್ ಬೋಲ್ಟುಗಳಲ್ಲಿ ಸ್ಪ್ಯಾನರ್ ಗುರುತಿತ್ತು, ಮುಂದೆ ಹೊಡೆಸಿಕೊಂಡಿದ್ದು. ಇನ್ನೊಂದರ ಮೀಟರ್ 28 ಸಾವಿರ ತೋರಿಸುತ್ತಿತ್ತು, ಆದರೆ ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿತ್ತು, ಮೀಟರ್ ಹಿಂದಕ್ಕೆ ತಿರುಗಿಸಿದ ಗುಮಾನಿ. ಉಳಿದ ಎರಡು ಚೆನ್ನಾಗಿದ್ದವು, ಬೆಲೆ ಹೊಂದಲಿಲ್ಲ.

ಐದು ಕಾರು ಆದ ಮೇಲೆ ಸಿಕ್ಕಿದ್ದು ಮೈಸೂರಿನದು. ಕೆಎ-09. ಕುವೆಂಪುನಗರದ ಒಂದು ಮನೆ. 2020ರ ಎಕ್ಸ್‌ಎಂ, ಪೆಟ್ರೋಲ್, 36 ಸಾವಿರ ಕಿಲೋಮೀಟರ್, ಒಬ್ಬರೇ ಮಾಲೀಕರು. ನಿವೃತ್ತರಾದ ಹಿರಿಯ ದಂಪತಿ. ಎಂಜಿನ್ ಸ್ಟಾರ್ಟ್ ಮಾಡಿ ಇಡಬೇಡಿ, ನಾವೇ ಬಂದು ಮಾಡುತ್ತೇವೆ ಎಂದು ಮೊದಲೇ ಹೇಳಿದ್ದೆವು. ಬೆಳಿಗ್ಗೆ ಎಂಟಕ್ಕೆ ಹೋಗಿ ಬಾನೆಟ್ ಮುಟ್ಟಿದಾಗ ತಣ್ಣಗಿತ್ತು. ಆ ತಣ್ಣನೆಯ ಬಾನೆಟ್ಟೇ ನನಗೆ ಅವರ ಮೇಲೆ ಮೊದಲ ನಂಬಿಕೆ ಹುಟ್ಟಿಸಿತು. ಬಿಸಿ ಎಂಜಿನ್ ತನ್ನ ಕಾಯಿಲೆಗಳನ್ನು ಮುಚ್ಚಿಡುತ್ತದೆ. ತಣ್ಣಗಿದ್ದು ಸ್ಟಾರ್ಟ್ ಆಗುವಾಗಲೇ ಹೊಗೆ, ಸದ್ದು, ನಡುಕ ಎಲ್ಲಾ ಗೊತ್ತಾಗುವುದು.

ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆವು. ನಮ್ಮ ಪರೀಕ್ಷೆಯಲ್ಲಿ ದೊಡ್ಡದು ಅದೇ. ಮುಂದಿನ ಸೀಟಿಗೆ ಮೂರು ಸಲ ಹತ್ತಿ ಇಳಿಯಿರಿ ಎಂದೆವು. ಸೀಟು ಅವರ ಸೊಂಟದ ಮಟ್ಟಕ್ಕೆ ಇತ್ತು. ಹತ್ತುವುದೂ ಅಲ್ಲ, ಇಳಿಯುವುದೂ ಅಲ್ಲ, ಸುಮ್ನೆ ಪಕ್ಕಕ್ಕೆ ಸರಿದು ಕೂರುವುದು. ಮೂರನೇ ಸಲ ಕೈಯಾಸರೆ ಇಲ್ಲದೆ ಎದ್ದು ನಿಂತರು. ಏನೂ ಹೇಳಲಿಲ್ಲ. ಬಾಗಿಲನ್ನು ಮೆಲ್ಲಗೆ ಹಾಕಿ ಅದರ ಮೇಲೆ ಒಮ್ಮೆ ಕೈ ಇಟ್ಟರು. ಅಮ್ಮ ಸೀರೆಯಲ್ಲಿ ಹಿಂದಿನ ಸೀಟಿಗೆ ಹತ್ತಿದರು, ಅವರ ಒಂದು ಪಕ್ಕದಲ್ಲಿ ಮಗಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು, ಇನ್ನೊಂದು ಬದಿಗೆ ನಾನು. ಮೂವರಿಗೆ ಸ್ವಲ್ಪ ಇಕ್ಕಟ್ಟೇ. ಮಗಳ ಸೀಟು ಕಿಟಕಿ ಬದಿಗೇ ಬೇಕು ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆವು. ಆ ವರ್ಷಗಳ ಬಹಳಷ್ಟು ಕಾರುಗಳಲ್ಲಿ ಹಿಂದಿನ ನಡುವಿನ ಜಾಗಕ್ಕೆ ಸೊಂಟದ ಬೆಲ್ಟ್ ಮಾತ್ರ ಇರುತ್ತದೆ. ಅಲ್ಲಿ ಮಗುವನ್ನು ಕೂರಿಸಬಾರದು.

ಮೆಕ್ಯಾನಿಕ್ ಕೆಳಗೆ ನುಸುಳಿ ನೋಡುತ್ತಿದ್ದಾಗ ನಾನು ಸರ್ವೀಸ್ ಪುಸ್ತಕಕ್ಕಾಗಿ ಡ್ಯಾಶ್‌ಬೋರ್ಡ್ ತೆರೆದೆ. ಅದರ ಜೊತೆಗೆ ಒಂದು ಸಣ್ಣ ನೋಟ್‌ಬುಕ್ ಇತ್ತು. ರಟ್ಟಿನ ಹೊದಿಕೆ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ತೆರೆದರೆ ಪ್ರತಿ ಸಲ ಪೆಟ್ರೋಲ್ ಹಾಕಿಸಿದ್ದು, ತಾರೀಕು, ಮೀಟರಿನ ಓದು, ಎಷ್ಟು ಲೀಟರ್, ಟೈರಿನ ಗಾಳಿ. ಎಲ್ಲಾ ಕನ್ನಡ ಅಂಕಿಗಳಲ್ಲಿ, ಗುಂಡಗೆ. 2021ರ ಏಪ್ರಿಲ್ ಕೊನೆಯಿಂದ ಜೂನ್ ಅರ್ಧದವರೆಗೆ ಒಂದೂ ಸಾಲಿಲ್ಲ. ಲಾಕ್‌ಡೌನ್ ಇದ್ದ ದಿನಗಳು. ಅದರ ಕೆಳಗೆ "ಬ್ಯಾಟರಿ ಚಾರ್ಜ್ ಮಾಡಿಸಿದೆ" ಎಂದಿತ್ತು. ಇನ್ನೂ ಸ್ವಲ್ಪ ಪುಟ ದಾಟಿದರೆ ಬರಹವೇ ಬದಲಾಗಿತ್ತು. ವಾಲಿದ ಅಕ್ಷರ, ಇಂಗ್ಲಿಷ್ ಅಂಕಿ.

"ಅಲ್ಲಿಂದ ನಾನು ಬರೆದದ್ದು" ಎಂದರು ಆ ಅಮ್ಮ. ಅವರ ಯಜಮಾನರ ಕಣ್ಣಿಗೆ ತೊಂದರೆಯಾಯಿತಂತೆ. ಸಣ್ಣ ಅಕ್ಷರ ಕಾಣದಾಯಿತು. ಕಾರು ಓಡಿಸುವುದನ್ನು ಅವರೇ ನಿಲ್ಲಿಸಿದರು. ಆಮೇಲೆ ಗೊತ್ತಿರುವ ಒಬ್ಬ ಹುಡುಗ ವಾರಕ್ಕೊಮ್ಮೆ ಬಂದು ಓಡಿಸುತ್ತಿದ್ದ. ಬಂಕಿನಲ್ಲಿ ನಿಂತಾಗ ಅವರು ಅಂಕಿ ಹೇಳುತ್ತಿದ್ದರು, ಇವರು ಬರೆಯುತ್ತಿದ್ದರು. ಈಗ ವಾರಕ್ಕೊಮ್ಮೆಯೂ ಬೇಕಾಗುತ್ತಿಲ್ಲ, ನಿಂತ ಕಾರು ಹಾಳಾಗುತ್ತದೆ, ಓಡಿಸುವವರಿಗೆ ಹೋಗಲಿ ಎಂದು ಮಾರುವ ಯೋಚನೆ.

ನೋಟ್‌ಬುಕ್ಕಿನ ಸಾಲುಗಳನ್ನು ಸರ್ವೀಸ್ ದಾಖಲೆಯ ಜೊತೆ ಹೊಂದಿಸಿ ನೋಡಿದೆವು. ಒಂದು ಕಿಲೋಮೀಟರ್ ಕೂಡ ಆಚೀಚೆ ಇರಲಿಲ್ಲ. ಆಗ ನನಗೆ ಅನಿಸಿದ್ದನ್ನು ಇಲ್ಲಿ ನೇರವಾಗಿ ಹೇಳುತ್ತೇನೆ. ಹಳೆ ಕಾರು ಕೊಳ್ಳುವಾಗ ನಾವು ಕೊಳ್ಳುವುದು ಇನ್ನೊಬ್ಬರ ಅಭ್ಯಾಸಗಳನ್ನು. ಎಣ್ಣೆ ಸಮಯಕ್ಕೆ ಬದಲಿಸುವ ಅಭ್ಯಾಸ, ಗುಂಡಿಗೆ ಬ್ರೇಕ್ ಹಾಕುವ ಅಭ್ಯಾಸ, ಗಾಳಿ ನೋಡುವ ಅಭ್ಯಾಸ. ಎಕ್ಸ್‌ಎಂ ಎಂದೋ ಅದಕ್ಕೂ ಮೇಲಿನ ಎಕ್ಸ್‌ಝಡ್ ಎಂದೋ ವೇರಿಯಂಟಿನ ಹೆಸರು ಬರೆದಂತೆ ಅಭ್ಯಾಸಗಳನ್ನು ಹಿಂದಿನ ಬಾಗಿಲ ಮೇಲೆ ಬರೆದಿರುವುದಿಲ್ಲ.

ಟೈರುಗಳ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡಿದೆವು. 0820. ಅಂದರೆ 2020ರ ಎಂಟನೇ ವಾರ ತಯಾರಾದದ್ದು. ಗೀರು ಇನ್ನೂ ಉಳಿದಿತ್ತು, ಆದರೆ ರಬ್ಬರ್ ಗಟ್ಟಿಯಾಗಿತ್ತು. ಇದನ್ನು ತೋರಿಸಿ ಬೆಲೆ ಇಳಿಸಿ ಎಂದೆವು. ಅವರು ಯೋಚಿಸಿ ಹದಿನೈದು ಸಾವಿರ ಬಿಟ್ಟರು. 6 ಲಕ್ಷ 15 ಸಾವಿರಕ್ಕೆ ಮಾತಾಯಿತು. ಉಳಿದ ದುಡ್ಡಿನಲ್ಲಿ ನಾಲ್ಕೂ ಹೊಸ ಟೈರು, ಬ್ರೇಕ್ ಪ್ಯಾಡ್, ಎಲ್ಲಾ ಎಣ್ಣೆಗಳು, ಒಂದು ಹಿಂದಿನ ಕ್ಯಾಮೆರಾ. ಹಳೆ ಕಾರಿಗೆ ಬಜೆಟ್ ಮಾಡುವವರು ಹತ್ತನೇ ಒಂದು ಭಾಗ ಹೀಗೆ ಪಕ್ಕಕ್ಕೆ ಇಡಲೇಬೇಕು. ಪೂರ್ತಿ ದುಡ್ಡನ್ನು ಕಾರಿಗೇ ಹಾಕಿದರೆ ಹಳೆ ಟೈರಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕಾಗುತ್ತದೆ.

ಕಾಗದದ ಕೆಲಸ ಬೇಗ ಮುಗಿಯಿತು. ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಆಯಿತು. ಅವರ ಹಳೆಯ ಸಾಲ ತೀರಿದ್ದರೂ ಕಾರಿನ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಟ್ಟೆವು. ಇದರಲ್ಲಿ ಮುಲಾಜು ಬೇಡ. ಟ್ರಾಫಿಕ್ ದಂಡ ಬಾಕಿ ಇದೆಯೇ ಎಂದು ನೋಡಿದೆವು, ಇರಲಿಲ್ಲ. ವಿಮೆಯನ್ನು ನಮ್ಮ ಹೆಸರಿಗೆ ಬದಲಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದೆ ಇದ್ದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಮನುಷ್ಯನದ್ದು, ಕಾರಿನದ್ದಲ್ಲ. ಅವರದು ಅವರ ಜೊತೆ ಹೋಗುತ್ತದೆ, ನಮ್ಮ ಹಳೆ ಕಾರಿನದು ನಮ್ಮ ಜೊತೆ ಬರುತ್ತದೆ. ಹಳೆ ಕಾರು ಮಾರುವಾಗ ಆ ಬೋನಸ್ಸಿನ ಪತ್ರ ಕೇಳಿ ಪಡೆದಿದ್ದರಿಂದ ಪ್ರೀಮಿಯಂ ಅರ್ಧದಷ್ಟು ಉಳಿಯಿತು ಎನ್ನಲಾರೆ, ಆದರೆ ಉಳಿದದ್ದು ಸಣ್ಣ ಮೊತ್ತವಲ್ಲ.

ಶ್ರಾವಣದಲ್ಲಿ ಮನೆಗೆ ತಂದೆವು. ಅಮ್ಮ ನಿಂಬೆಹಣ್ಣು ಇಟ್ಟರು. ಮುಂದಿನ ಶನಿವಾರವೇ ಊರಿಗೆ ಹೊರಟೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ ದಾಟಿ ಶಿವಮೊಗ್ಗ. ಅಲ್ಲಿಂದ ಮಂಡಗದ್ದೆಯ ಕಡೆ ತುಂಗೆ ಜೊತೆಗೇ ಹೋಗುವ ದಾರಿ. ಮಳೆ ಶುರುವಾಗಿತ್ತು. ನಡುವಿನ ವೇರಿಯಂಟಿಗೆ ಹಿಂದಿನ ಗಾಜಿಗೆ ವೈಪರ್ ಇಲ್ಲ. ಅದು ಗೊತ್ತಿದ್ದೇ ತೆಗೆದುಕೊಂಡದ್ದು. ಎರಡು ಸಲ ನಿಲ್ಲಿಸಿ ಬಟ್ಟೆಯಲ್ಲಿ ಒರೆಸಿದೆ.

ಮೋರಿಯ ಹತ್ತಿರ ಬಂದಾಗ ಸಂಜೆ. ನೀರು ಅಂಚಿನವರೆಗೆ ಇತ್ತು, ಮೇಲೆ ಬಂದಿರಲಿಲ್ಲ. ಇಳಿದು ನೋಡಿ ಖಾತ್ರಿ ಮಾಡಿಕೊಂಡೆವು. ಎಷ್ಟು ಎತ್ತರದ ಕಾರಾದರೂ ಹರಿಯುವ ನೀರಿನ ಮೇಲೆ ಧೈರ್ಯ ಮಾಡಬಾರದು. ಮೋರಿ ದಾಟಿ ಏರಿನಲ್ಲಿ ಕಾರು ನಿಂತಿತು. ಎದುರಿಗೆ ಚಿಕ್ಕಪ್ಪನ ಬೈಕ್ ಬಂದಿತ್ತು. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್‌ಗೆ ಹೋಗುವಷ್ಟರಲ್ಲಿ ಹಳೆ ಕಾರಾಗಿದ್ದರೆ ಎರಡು ಅಡಿ ಹಿಂದಕ್ಕೆ ಜಾರುತ್ತಿತ್ತು. ಇದು ನಿಂತಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಹತ್ತಿತು. ಕೆಳಗಿನಿಂದ ಕರ್ ಎನ್ನುವ ಸದ್ದು ಬರಲಿಲ್ಲ. ಅಂಗಳದವರೆಗೆ ಯಾರೂ ಮಾತು ನಿಲ್ಲಿಸಲಿಲ್ಲ.

ಅಪ್ಪ ತಾವೇ ಇಳಿದರು. ಮನೆಯ ಕಡೆ ಹೋಗಲಿಲ್ಲ, ನೇರ ತೋಟಕ್ಕೆ ಹೋದರು. ಅಮ್ಮ ಹಿಂದಿನಿಂದ ಕೊಡೆ ತೆಗೆದುಕೊಂಡು ಓಡಿದರು.

ನೋಟ್‌ಬುಕ್ ಈಗಲೂ ಡ್ಯಾಶ್‌ಬೋರ್ಡಿನಲ್ಲೇ ಇದೆ. ಮೈಸೂರಿನವರು ಕಾರು ಕೊಡುವಾಗ ಅದನ್ನು ನೀವೇ ಇಟ್ಟುಕೊಳ್ಳಿ ಎಂದೆ. ಕಾರಿನ ಜೊತೆಗೇ ಇರಲಿ ಎಂದರು. ಮಗಳಿಗೆ ಶಾಲೆಯಲ್ಲಿ ಕನ್ನಡ ಅಂಕಿ ಕಲಿಸಿದ್ದಾರೆ. ಬಂಕಿನಲ್ಲಿ ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ೬ ಮತ್ತು ೯ ಇನ್ನೂ ತಿರುವುಮುರುವಾಗುತ್ತದೆ.

ಹೋದ ಜೂನಿನಲ್ಲಿ ಒಂದು ಬೆಳಿಗ್ಗೆ ಮೈಸೂರಿನಿಂದ ಫೋನ್ ಬಂತು. ಯಜಮಾನರೇ ಮಾತಾಡಿದರು. ಊರು, ಮಳೆ, ಅಪ್ಪನ ಮಂಡಿ ಎಲ್ಲಾ ಕೇಳಿದರು. ಕೊನೆಗೆ "ವೈಪರ್ ರಬ್ಬರ್ ಮಳೆಗಾಲಕ್ಕೆ ಮೊದಲು ಬದಲಿಸ್ತಿದ್ದೆ ಅಮ್ಮ, ಪ್ರತಿ ವರ್ಷ. ನೀವು ಬದಲಿಸಿದಿರಾ?" ಎಂದರು. ಇಲ್ಲ ಎಂದೆ. ಅವತ್ತು ಸಂಜೆಯೇ ಬದಲಿಸಿ, ನೋಟ್‌ಬುಕ್ಕಿನಲ್ಲಿ ಬರೆಸಿದೆ.